ಕೋಳಿಮರಿ ಮಾಡೋ ಮಷಿನ್ ತಗೋತೀರಾ? ಮೊದಲು ಕರೆಂಟ್ ಲೆಕ್ಕ ಹಾಕಿ

ನಾಟಿ ಕೋಳಿಗೆ ಸಂತೆಯಲ್ಲಿ ಗಿರಾಕಿ ಇದ್ದೇ ಇದ್ದಾರೆ. ಆದರೆ ಒಂದು ಹೇಂಟೆ ಕಾವಿಗೆ ಕೂತರೆ ಹತ್ತು-ಹನ್ನೆರಡು ಮೊಟ್ಟೆ ಹಿಡಿದೀತು, ಅದೂ ಅದಕ್ಕೆ ಮನಸ್ಸು ಬಂದಾಗ. ಹಾಗಾಗಿ ಮನೆಯಲ್ಲೇ ಸಣ್ಣ ಇನ್‌ಕ್ಯುಬೇಟರ್ ಇಟ್ಟು ಮರಿ ಮಾಡೋಣ ಅನ್ನೋರು ಬಹಳ. ಮಷಿನ್ ತಂದು ಸ್ವಿಚ್ ಹಾಕಿದರೆ ಮರಿ ಬರಲ್ಲ. ಮೊಟ್ಟೆ, ಶಾಖ, ಕರೆಂಟ್ ಈ ಮೂರರಲ್ಲಿ ಒಂದು ಕೈಕೊಟ್ಟರೂ 21 ದಿನದ ಕಾಯುವಿಕೆ ನೀರುಪಾಲು.

ಖರೀದಿಗೆ ಮುಂಚೆ

ಒಳಗೆ ಫ್ಯಾನ್ ಇರುವ ಮಷಿನ್ ಆರಿಸಿ. ಫ್ಯಾನ್ ಇದ್ದರೆ ಎಲ್ಲಾ ಮೊಟ್ಟೆಗೂ ಶಾಖ ಒಂದೇ ಸಮ ತಾಗುತ್ತೆ. ಮೊಟ್ಟೆ ತಾನಾಗೇ ತಿರುಗಿಸುವ ವ್ಯವಸ್ಥೆ ಇದ್ದರೆ ಅಂಗಡಿ, ಹೊಲ ಅಂತ ಓಡಾಡೋರಿಗೆ ಅನುಕೂಲ. 12 ವೋಲ್ಟ್ ಬ್ಯಾಟರಿಯಲ್ಲೂ ನಡೆಯುತ್ತಾ ಅಂತ ತಪ್ಪದೆ ಕೇಳಿ.

60 ವ್ಯಾಟ್ ಮಷಿನ್ ಬಿಡದೆ ಉರಿದರೂ 21 ದಿನಕ್ಕೆ ಸುಮಾರು 30 ಯೂನಿಟ್. ಹೀಟರ್ ಆಗಾಗ ಆಫ್ ಆಗುವುದರಿಂದ ಬಿಲ್ ಇನ್ನೂ ಕಮ್ಮಿ. ಚಿಂತೆ ಬಿಲ್ಲಿನದಲ್ಲ, ಕರೆಂಟ್ ಹೋಗೋದರದ್ದು. 12 ವೋಲ್ಟಿನ 7 ಎಎಚ್ ಸಣ್ಣ ಬ್ಯಾಟರಿ ಇಂಥ ಮಷಿನ್ನನ್ನು ಹೆಚ್ಚೆಂದರೆ ಒಂದೂಕಾಲು ಗಂಟೆ ಎಳೆದೀತು. ಊರಲ್ಲಿ ನಾಲ್ಕೈದು ಗಂಟೆ ಕರೆಂಟ್ ತೆಗೆಯುತ್ತಾರೆ ಅಂದರೆ ಮನೆ ಇನ್ವರ್ಟರ್ ಲೈನಿಗೇ ಸೇರಿಸಿ.

ಯಾವ ಮೊಟ್ಟೆ ಇಡಬೇಕು?

ಅಂಗಡಿಯ ಬಿಳಿ ಫಾರಂ ಮೊಟ್ಟೆಯಿಂದ ಮರಿ ಆಗಲ್ಲ, ಆ ಫಾರಂಗಳಲ್ಲಿ ಹುಂಜ ಇರೋದಿಲ್ಲ. ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಇರುವ ಗುಂಪಿನ ಮೊಟ್ಟೆ ತಗೊಳ್ಳಿ. ಗಿರಿರಾಜ, ಸ್ವರ್ಣಧಾರ ಮಿಶ್ರತಳಿಗಳು. ಮನೆಯಲ್ಲಿ ಸಾಕಿದ ಈ ಕೋಳಿಗಳ ಮೊಟ್ಟೆಯಿಂದ ಮರಿ ಮಾಡಿದರೆ ತಾಯಿಯ ತೂಕ, ಮೊಟ್ಟೆಯ ಗುಣ ಹಾಗೇ ಬರಲ್ಲ. ನಾಟಿ ಮೊಟ್ಟೆಯೇ ಮೇಲು.

ಇಟ್ಟು ಒಂದು ವಾರ ದಾಟಿದ ಮೊಟ್ಟೆ ಬೇಡ. ಫ್ರಿಜ್ಜಿನಲ್ಲಿಟ್ಟದ್ದು, ಬಿರುಕು ಬಿಟ್ಟದ್ದು, ತೀರಾ ಗಲೀಜಾದದ್ದನ್ನೂ ಬಿಡಿ. ಮೊಟ್ಟೆ ತೊಳೆಯಬೇಡಿ. ತಂಪು ಜಾಗದಲ್ಲಿ ಚೂಪು ತುದಿ ಕೆಳಗೆ ಮಾಡಿ ಕೂಡಿಡಿ.

21 ದಿನದ ಕೆಲಸ

ಮೊಟ್ಟೆ ಇಡುವ ಮುಂಚೆ ಒಂದು ದಿನ ಮಷಿನ್ ಖಾಲಿ ಓಡಿಸಿ. ಅದು ತೋರಿಸುವ ಡಿಗ್ರಿ ನಂಬಿ ಕೂರಬೇಡಿ, ಒಳಗೆ ಬೇರೊಂದು ಥರ್ಮಾಮೀಟರ್ ಇಟ್ಟು ತಾಳೆ ನೋಡಿ.

• ಶಾಖ: ಫ್ಯಾನ್ ಇರುವ ಮಷಿನ್ನಿಗೆ 37.5 ಡಿಗ್ರಿ ಸೆಲ್ಸಿಯಸ್. ಸ್ವಲ್ಪ ಹೊತ್ತು ತಣ್ಣಗಾದರೆ ಭ್ರೂಣ ತಡೆದುಕೊಳ್ಳುತ್ತೆ, ಅತಿ ಬಿಸಿಗೆ ಬೇಗ ಸಾಯುತ್ತೆ. ಹಾಗಾಗಿ ಮಷಿನ್ ಬಿಸಿಲು ಬೀಳುವ ಕಿಟಕಿ ಹತ್ತಿರ, ಶೀಟಿನ ಕೆಳಗೆ ಬೇಡ.
• ತೇವ: ಮೊದಲ 18 ದಿನ ಶೇ. 50-55, ಕೊನೆಯ ಮೂರು ದಿನ ಶೇ. 65-70. ಒಳಗಿನ ತಟ್ಟೆಯ ನೀರು ಆರದ ಹಾಗೆ ನೋಡಿಕೊಳ್ಳಿ.
• ತಿರುಗಿಸುವುದು: ಕೈಯಲ್ಲಾದರೆ ದಿನಕ್ಕೆ ಮೂರು ಅಥವಾ ಐದು ಸಲ. ಒಂದು ಬದಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರೆ ಗೊಂದಲ ಇರಲ್ಲ. 18ನೇ ದಿನಕ್ಕೆ ನಿಲ್ಲಿಸಿ.
• ಟಾರ್ಚ್ ಪರೀಕ್ಷೆ: 7ನೇ ದಿನ ಕತ್ತಲಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿಯಿರಿ. ಜೇಡನ ಬಲೆಯಂಥ ಕೆಂಪು ನರ ಕಂಡರೆ ಜೀವ ಇದೆ. ಏನೂ ಕಾಣದೆ ತಿಳಿಯಾಗಿದ್ದರೆ ಗೊಡ್ಡು, ತೆಗೆದುಬಿಡಿ. ಒಳಗೆ ಬಿಟ್ಟರೆ ಕೊಳೆತು ಒಡೆದು ಉಳಿದವಕ್ಕೂ ಕುತ್ತು.

ಮೊಟ್ಟೆ ಇಟ್ಟ ದಿನ ಲೆಕ್ಕಕ್ಕಿಲ್ಲ. ಶನಿವಾರ ಇಟ್ಟರೆ ಮೂರು ವಾರ ಕಳೆದ ಶನಿವಾರ ಮರಿ.

ಕರೆಂಟ್ ಹೋದರೆ

ಗಾಬರಿಯಾಗಿ ಮುಚ್ಚಳ ತೆಗೆಯಬೇಡಿ. ದಪ್ಪ ಕಂಬಳಿ ಹೊದಿಸಿ, ಗಾಳಿ ಆಡುವ ತೂತು ಮಾತ್ರ ಮುಚ್ಚಬೇಡಿ. ಕರೆಂಟ್ ಬಂದ ತಕ್ಷಣ ಕಂಬಳಿ ತೆಗೆಯಿರಿ. ಒಂದೆರಡು ಗಂಟೆ ಹೋದ ಮಾತ್ರಕ್ಕೆ ಬ್ಯಾಚ್ ಎಸೆಯಬೇಕಿಲ್ಲ, ಮರಿ ಸ್ವಲ್ಪ ತಡವಾಗಬಹುದು ಅಷ್ಟೆ.

ಮರಿ ಒಡೆಯುವಾಗ

ಚಿಪ್ಪು ಬಿರಿದ ಮೇಲೆ ಮರಿ ಹೊರಬರಲು ಅರ್ಧ ದಿನಕ್ಕಿಂತ ಹೆಚ್ಚು ಹಿಡಿದರೂ ಅಚ್ಚರಿಯಿಲ್ಲ. ಪಾಪ ಅಂತ ಚಿಪ್ಪು ಕೀಳಲು ಹೋಗಬೇಡಿ, ರಕ್ತ ಸುರಿದು ಸಾಯುತ್ತೆ. ಪದೇ ಪದೇ ಮುಚ್ಚಳ ತೆಗೆದರೆ ತೇವ ಹೋಗಿ ಒಳಪೊರೆ ಮರಿಗೆ ಅಂಟುತ್ತೆ. ಹುಟ್ಟಿದ ಮರಿ ಹೊಟ್ಟೆಯೊಳಗಿನ ಹಳದಿಯಿಂದಲೇ ಒಂದು ದಿನ ತಡೆಯುತ್ತೆ. ಪುಕ್ಕ ಒಣಗಿದ ಮೇಲೆ ಹೊರಗೆ ತೆಗೆಯಿರಿ.

ಮೊದಲ ವಾರ ಬಲ್ಬಿನ ಕೆಳಗೆ 32-35 ಡಿಗ್ರಿ ಶಾಖ ಬೇಕು. ಮರಿ ಬಲ್ಬಿನಡಿ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ರಾಣಿಕೇತ್ ರೋಗದ ಮೊದಲ ಲಸಿಕೆ ಮೊದಲ ವಾರದಲ್ಲೇ ಹಾಕಿಸಬೇಕು. ಮರಿ ಹೊರಬರುವ ಮುಂಚೆಯೇ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿಟ್ಟುಕೊಳ್ಳಿ.

ಮೊದಲ ಬ್ಯಾಚಿಗೇ ಮಷಿನ್ ತುಂಬಿಸಬೇಡಿ. ಹತ್ತು-ಹದಿನೈದು ಮೊಟ್ಟೆಯಲ್ಲಿ ಕೈ ಪಳಗಿಸಿ, ಪಕ್ಕದ ಮನೆಯವರ ಮೊಟ್ಟೆ ಆಮೇಲೆ ಒಪ್ಪಿಕೊಳ್ಳಿ.