ಸಮಮಟ್ಟದ ಮಾತು: ಸಮುದಾಯ ಬಾನುಲಿಯಲ್ಲಿ ಲಿಂಗತ್ವದ ಅರಿವು ಮತ್ತು ದಿನನಿತ್ಯದ ದಿಟ್ಟತನ

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಸ್ವಯಂಸೇವಾ ಸಂಸ್ಥೆಗಳೂ ಸಮುದಾಯ ಬಾನುಲಿ ಕೇಂದ್ರ ನಡೆಸಬಹುದೆಂಬ ನೀತಿಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು ಅದರ ಮರುತಿಂಗಳು. ಕಾಯ್ದೆ ಹೆಣ್ಣಿಗೆ ದೂರು ಕೊಡುವ ಹಕ್ಕನ್ನು ಕೊಟ್ಟಿತು. ಆದರೆ ದೂರಿಗಿಂತ ಮುಂಚಿನ ಮಾತುಗಳಿವೆ: ಸಾಲದ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತುವುದಿಲ್ಲ, ಸಂಘದ ಸಭೆಗೆ ಹೋಗಿಬರುತ್ತೇನೆ, ಮಗಳನ್ನು ಈಗಲೇ ಕೊಡುವುದು ಬೇಡ. ಇವುಗಳಿಗೆ ಯಾವ ಕಾಯ್ದೆಯ ಕಲಮೂ ಇಲ್ಲ. ಇಂಥ ಮಾತು ಹುಟ್ಟುವ ಜಾಗಗಳಲ್ಲಿ ಸಮುದಾಯ ಬಾನುಲಿಯೂ ಒಂದು. ಅದು ಈ ಕೆಲಸವನ್ನು ಮಾಡುವುದು ಒಬ್ಬೊಬ್ಬಳಿಗೆ ಧೈರ್ಯ ಹೇಳಿಕೊಡುವುದಕ್ಕಿಂತ ಹೆಚ್ಚಾಗಿ, ಹೆಣ್ಣಿನ ದನಿಯನ್ನು ಊರಿನ ಕಿವಿಗೆ ರೂಢಿ ಮಾಡಿಸುವ ಮೂಲಕ ಎಂಬುದು ಈ ಲೇಖನದ ವಾದ.

ದಿಟ್ಟತನದ ತರಬೇತಿ ಎಂಬ ಪರಿಕಲ್ಪನೆಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಮನೋವಿಜ್ಞಾನಿಗಳಾದ ಆಲ್ಬರ್ಟಿ ಮತ್ತು ಎಮನ್ಸ್. 1970ರಲ್ಲಿ ಬಂದ ಅವರ ಪುಸ್ತಕ ಕುಗ್ಗುವಿಕೆ ಮತ್ತು ಮೇಲೆ ಬೀಳುವಿಕೆ ಇವೆರಡರ ನಡುವೆ ದಿಟ್ಟತನವೆಂಬ ಮೂರನೆಯ ನಡತೆಯೊಂದನ್ನು ಗುರುತಿಸಿತು. ವಿಚಾರ ಒಳ್ಳೆಯದೇ. ಆದರೆ ಅಲ್ಲಿ ಕಣ್ಣ ಮುಂದಿರುವುದು ತನ್ನ ಮಾತಿನ ಬೆಲೆಯನ್ನು ತಾನೊಬ್ಬಳೇ ತೆರಬಲ್ಲ ವ್ಯಕ್ತಿ. ಅತ್ತೆಮನೆಯ ಅಂಗಳದಲ್ಲಿ ಆಡಿದ ಒಂದು ಮಾತಿಗೆ ತವರಿನವರೂ ಲೆಕ್ಕ ಕೊಡಬೇಕಾದ ಸಮಾಜದಲ್ಲಿ ಆ ಮಾದರಿ ನಿಲ್ಲುವುದಿಲ್ಲ. ಸ್ತ್ರೀವಾದಿ ಚಿಂತಕಿ ಡೆನಿಜ್ ಕಾಂಡಿಯೋಟಿ 1988ರಲ್ಲಿ ‘ಪಿತೃಪ್ರಧಾನತೆಯೊಡನೆ ಚೌಕಾಸಿ’ ಎಂದು ಕರೆದದ್ದು ನಮ್ಮ ಸಂದರ್ಭಕ್ಕೆ ಹೆಚ್ಚು ಹತ್ತಿರ. ಹೆಣ್ಣು ವ್ಯವಸ್ಥೆಯ ಒಳಗಿದ್ದೇ ಎಲ್ಲಿ ಬಗ್ಗಬೇಕು, ಎಲ್ಲಿ ಪಟ್ಟು ಹಿಡಿಯಬೇಕು ಎಂದು ತೂಗಿ ನೋಡುತ್ತಾಳೆ.

ಆ ಮೂರನೆಯ ನಡತೆಯನ್ನು ಪುಸ್ತಕದ ಹಂಗಿಲ್ಲದೆ ಕಂಡುಕೊಂಡವರು ಬೀದರ್ ಗಡಿಯಾಚೆಯ ಜಹೀರಾಬಾದ್ ಸೀಮೆಯ ದಲಿತ ಹೆಂಗಸರು. ಮೈಸೂರು ಮೂಲದ ಪಿ.ವಿ. ಸತೀಶ್ ಕಟ್ಟಿ ಬೆಳೆಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಇವರು ವಿಡಿಯೊ ಕ್ಯಾಮೆರಾ ಹಿಡಿಯಲು ಕಲಿತಾಗ ಶಾಟ್‌ಗಳಿಗೆ ತಮ್ಮದೇ ಹೆಸರಿಟ್ಟರು. ಮೇಲಿನಿಂದ ಕೆಳಕ್ಕೆ ನೋಡಿದರೆ ಪಟೇಲನ ಶಾಟ್, ಕೆಳಗಿನಿಂದ ಮೇಲಕ್ಕೆ ನೋಡಿದರೆ ಆಳಿನ ಶಾಟ್, ಕಣ್ಣಿಗೆ ಕಣ್ಣು ಸಮವಾಗಿದ್ದರೆ ಸಂಘದ ಶಾಟ್. ಜಾತಿ, ಜಮೀನು, ಗಂಡಾಳ್ವಿಕೆ ಮೂರನ್ನೂ ಒಂದು ಕ್ಯಾಮೆರಾದ ಎತ್ತರದಲ್ಲಿ ಅಳೆದ ಈ ವಿಂಗಡಣೆಯನ್ನು ಲಿಂಗತ್ವ ಅಧ್ಯಯನದ ಯಾವ ಪಠ್ಯಕ್ಕೂ ಕಡಿಮೆಯಿಲ್ಲದ ಸಿದ್ಧಾಂತವೆಂದೇ ನಾನು ತಿಳಿದಿದ್ದೇನೆ. ಇದೇ ಹೆಂಗಸರು ಪರವಾನಗಿಗಾಗಿ ವರ್ಷಗಟ್ಟಲೆ ಕಾದರು. ಕಾಯುವಾಗಲೂ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಕ್ಯಾಸೆಟ್‌ಗಳನ್ನು ಸಂಘದ ಸಭೆಗಳಲ್ಲಿ ಕೇಳಿಸಿದರು. 2008ರ ಅಕ್ಟೋಬರ್ 15ರಂದು, ಗ್ರಾಮೀಣ ಮಹಿಳಾ ದಿನದಂದು, ಮಾಚನೂರಿನಲ್ಲಿ ‘ಸಂಘಂ ರೇಡಿಯೊ’ ಶುರುವಾಯಿತು. ಉದ್ಘಾಟಿಸಿದವರು, ಗಾಳಿಯಲೆಗಳು ಸಾರ್ವಜನಿಕ ಆಸ್ತಿ ಎಂದು 1995ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್ ಪೀಠದಲ್ಲಿದ್ದ ನ್ಯಾಯಮೂರ್ತಿ ಪಿ.ಬಿ. ಸಾವಂತ್. ಪ್ರಸಾರಕ್ಕೆ ಆರಿಸಿಕೊಂಡ ಹೊತ್ತು ಸಂಜೆ ಏಳರಿಂದ ಒಂಬತ್ತು. ಹೊಲದಿಂದ ಬಂದು ಒಲೆ ಹಚ್ಚುವ ವೇಳೆ ಅದು. ಗಂಡಸರೂ ಮನೆಯಲ್ಲಿರುವ ವೇಳೆ.

ಈ ಹೊತ್ತಿನ ಆಯ್ಕೆ ಚಿಕ್ಕದೆಂದು ಕಾಣಬಹುದು, ಆದರೆ ಬಹಳಷ್ಟು ಇದರ ಮೇಲೆಯೇ ನಿಂತಿದೆ. ಆಕಾಶವಾಣಿಯ ಮಹಿಳಾ ಕಾರ್ಯಕ್ರಮಗಳಿಗೆ ಬಹುಕಾಲ ಮೀಸಲಾಗಿದ್ದದ್ದು ಮಧ್ಯಾಹ್ನ, ಗಂಡಸರು ಮನೆಯಲ್ಲಿಲ್ಲದ ಬಿಡುವು. ಅಲ್ಲಿ ಹೆಣ್ಣಿನ ಮಾತನ್ನು ಹೆಣ್ಣೇ ಕೇಳಿಸಿಕೊಳ್ಳುತ್ತಿದ್ದಳು. ಸಂಜೆಯ ಪ್ರಸಾರದಲ್ಲಿ ಕೇಳುವವರು ಬದಲಾಗುತ್ತಾರೆ. ಕೋಲಾರ ಸೀಮೆಯ ಒಂದು ಕಿರುನಾಟಕವನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಹೆಂಡತಿ ಹೇಳುತ್ತಾಳೆ: “ಸಂಘದ ಮೀಟಿಂಗ್ ಐತೆ. ಮುದ್ದೆ ಸಾರು ಮಾಡಿಕ್ಕಿದೀನಿ, ನೀವೇ ಇಕ್ಕೊಂಡು ಉಣ್ಣಿ.” ಕೂಗಾಟವಿಲ್ಲ, ಕ್ಷಮೆ ಕೇಳುವ ದನಿಯೂ ಇಲ್ಲ. ಊಟದ ಹೊತ್ತಿಗೆ ಗಂಡ, ಅತ್ತೆ, ಮಗ ಕೂತು ಕೇಳುವಾಗ ಈ ಮಾತು ಮನೆಯೊಳಗೆ ಬಂದು ಕೂರುತ್ತದೆ. ನಾಳೆ ಆ ಮನೆಯ ಸೊಸೆ ಅದನ್ನೇ ಆಡಿದರೆ “ರೇಡಿಯೊದೋರ ಥರ ಆಡ್ತಾಳೆ” ಎಂದು ನಗಬಹುದು. ನಗು ಬಂತೆಂದರೆ ಏಟು ತಪ್ಪಿತು ಎಂದೇ ಎಷ್ಟೋ ಮನೆಗಳಲ್ಲಿ ಅರ್ಥ.

ನಗು ಹೆಣ್ಣಿನ ಮಾತಿಗೆ ರಕ್ಷಣೆಯಾಗುತ್ತದೆ ಎನ್ನಲು ನಮ್ಮ ಸಂಪ್ರದಾಯದಲ್ಲೇ ಆಧಾರವಿದೆ. ಮದುವೆ ಮನೆಯಲ್ಲಿ ಬೀಗರ ಹಾಡು ಹೇಳುವ ಹೆಂಗಸರು ಗಂಡಿನ ಕಡೆಯವರ ಮೀಸೆ, ಜಿಪುಣತನ, ಜಂಬ ಯಾವುದನ್ನೂ ಬಿಡುವುದಿಲ್ಲ. ಅವರನ್ನು ಯಾರೂ ಬಜಾರಿ ಎನ್ನುವುದಿಲ್ಲ. ಅದೇ ಮಾತನ್ನು ಮರುವಾರ ಹಿತ್ತಲಲ್ಲಿ ಆಡಿದರೆ ಗಂಡುಬೀರಿ ಪಟ್ಟ ಸಿಗುತ್ತದೆ. ಮದುವೆಯ ಒಂದು ದಿನಕ್ಕಷ್ಟೇ ಸಿಕ್ಕ ಈ ಮಾತಿನ ಸಲುಗೆಯನ್ನು ವಾರದ ದಿನಗಳಿಗೂ ಹಬ್ಬಿಸುವುದು ಬಾನುಲಿಗೆ ಸಾಧ್ಯ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ‘ನಮ್ಮ ಧ್ವನಿ’ ಈ ದೃಷ್ಟಿಯಿಂದ ಮುಖ್ಯ. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಕಟ್ಟಿದ ಈ ಕೇಂದ್ರದ ಬೆನ್ನಿಗಿದ್ದದ್ದು ಸ್ವಸಹಾಯ ಸಂಘಗಳ ಹೆಂಗಸರು. ಪರವಾನಗಿ ಸಿಗದ ಕಾಲದಲ್ಲಿ ಅದು ಧ್ವನಿವರ್ಧಕದಲ್ಲಿ, ಆಮೇಲೆ 2003ರಿಂದ ಟಿವಿ ಕೇಬಲಿನಲ್ಲಿ ಊರಿಗೆ ಮುಟ್ಟಿತು. ಉಳಿತಾಯದ ಲೆಕ್ಕ ಒಪ್ಪಿಸಿ ರೂಢಿಯಾದ ದನಿಗೆ ಮೈಕು ಅಷ್ಟೇನೂ ಭಯದ ವಸ್ತುವಲ್ಲ.

ಇನ್ನೊಂದು ಮಗ್ಗುಲು ಕಷ್ಟದ್ದು. ಸಮುದಾಯ ಬಾನುಲಿಯ ಪ್ರಸಾರಶಕ್ತಿ ಸಾಮಾನ್ಯವಾಗಿ 100 ವ್ಯಾಟ್. ಹತ್ತಾರು ಹಳ್ಳಿಗಳ ಈ ಆವರಣದಲ್ಲಿ ಹೆಸರು ಮುಚ್ಚಿಟ್ಟರೂ ದನಿ ಮುಚ್ಚಿಡಲಾಗದು. ಫೋನ್‌ಇನ್‌ನಲ್ಲಿ ಒಬ್ಬಾಕೆ ಹೆಸರು ಹೇಳದೆ ತನ್ನ ಕಷ್ಟ ತೋಡಿಕೊಂಡರೆ, ಮಾತು ಮುಗಿಯುವುದರೊಳಗೆ ಆಕೆ ಯಾರ ಸೊಸೆ ಎಂಬುದು ಹಾಲಿನ ಡೇರಿಯವರೆಗೂ ಗೊತ್ತಾಗಿರುತ್ತದೆ. ನಗರದ ವಾಣಿಜ್ಯ ಎಫ್‌ಎಂಗೆ ಈ ಚಿಂತೆಯಿಲ್ಲ. ‘ಮುಂದೆ ಬನ್ನಿ, ನಿಮ್ಮ ಕಥೆ ಹೇಳಿ’ ಎಂಬ ತರಬೇತಿದಾರರ ಒತ್ತಾಯವನ್ನು ಹಾಗಾಗಿ ನಾನು ಅನುಮಾನದಿಂದಲೇ ನೋಡುತ್ತೇನೆ. ಕಥೆ ಹೇಳಿದ ರಾತ್ರಿ ಆಕೆ ಅದೇ ಮನೆಗೆ ಹೋಗಬೇಕು. ನಾಟಕ, ಲಾವಣಿ, ಪರರ ಹೆಸರಿನಲ್ಲಿ ಹೇಳುವ ಕಥೆ ಇವು ಇಲ್ಲಿ ರಂಜನೆಯ ಜೊತೆಗೆ ರಕ್ಷಣೆಯನ್ನೂ ಕೊಡುತ್ತವೆ. ಸಂಘದ ಹತ್ತು ಜನ ಒಟ್ಟಾಗಿ ಮಾತನಾಡಿದ ಧ್ವನಿಮುದ್ರಿಕೆಯೂ ಹಾಗೆಯೇ. ಹತ್ತು ಮನೆಗಳಲ್ಲಿ ಒಂದೇ ರಾತ್ರಿ ಜಗಳ ತೆಗೆಯುವುದು ಸುಲಭವಲ್ಲ.

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆ ಎಷ್ಟನ್ನು ಮರೆಮಾಡುತ್ತದೆ ಎಂಬುದಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಸಾಕ್ಷಿ. ಅದರ ಐದನೆಯ ಸುತ್ತಿನಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸುತ್ತಿನಲ್ಲಿ ಇದು ಶೇ 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳುವ ಬಾಯಿ ಹೆಚ್ಚಿತೋ ಎಂಬುದನ್ನು ಅಂಕಿಯಷ್ಟರಿಂದಲೇ ತೀರ್ಮಾನಿಸಲಾಗದು. ಇದರ ಉತ್ತರಕ್ಕೆ ಹೆಂಗಸರು ಆಡಿದ ಮಾತುಗಳನ್ನೇ ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಬೇಕು.

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ಸಮುದಾಯ ಬಾನುಲಿ ಮಾರ್ಗಸೂಚಿ, ಪ್ರತಿ ಬಾನುಲಿ ಕೇಂದ್ರದ ಸಲಹಾ ಮತ್ತು ವಿಷಯ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು ಎಂದಿದೆ. ಸ್ವಾಗತಾರ್ಹವೇ. ಆದರೆ ಗ್ರಾಮ ಪಂಚಾಯಿತಿಗಳಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡನೇ ಕೂರುವುದನ್ನು ಕಂಡ ನಮಗೆ ತಲೆಯೆಣಿಕೆಯ ಮಿತಿ ಗೊತ್ತು. ಧ್ವನಿಮುದ್ರಿಕೆಯನ್ನು ಕತ್ತರಿಸುವ ಕಂಪ್ಯೂಟರ್ ಯಾರ ಕೈಯಲ್ಲಿದೆ, ಸ್ಟುಡಿಯೊದ ಬೀಗದ ಕೈ ಯಾರ ಸೊಂಟದಲ್ಲಿದೆ, ಸಂಜೆಯ ಹೊತ್ತು ಯಾವ ಕಾರ್ಯಕ್ರಮಕ್ಕೆ ಸಿಕ್ಕಿದೆ ಎಂದು ಕೇಳದೆ ಯಾವ ಕೇಂದ್ರದ ಲಿಂಗತ್ವ ಸಂವೇದನೆಯನ್ನೂ ಅಳೆಯಲಾಗದು.

ಹೆಂಗಸರ ಮಾತನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವ ಅಧ್ಯಯನಕ್ಕೆ ಬೇಕಾದ ಮೂಲ ಆಕರ, ಕೇಂದ್ರಗಳ ಹಳೆಯ ಧ್ವನಿಮುದ್ರಿಕೆಗಳು. ಪ್ರಸಾರವಾದ ಕಾರ್ಯಕ್ರಮಗಳನ್ನು ಮೂರು ತಿಂಗಳು ಕಾಪಾಡಬೇಕೆಂದಷ್ಟೇ ನೀತಿ ಹೇಳುತ್ತದೆ. ಆಮೇಲೆ ಅಳಿಸಿಹಾಕಿದರೂ ಕೇಳುವವರಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ, ಜಾನಪದ ಮತ್ತು ಮಹಿಳಾ ಅಧ್ಯಯನ ವಿಭಾಗಗಳು ಕೇಂದ್ರಗಳೊಡನೆ ಒಪ್ಪಂದ ಮಾಡಿಕೊಂಡು, ಮಾತನಾಡಿದ ಹೆಂಗಸರ ಒಪ್ಪಿಗೆ ಪಡೆದು, ಈ ದನಿಗಳನ್ನು ಸಂಗ್ರಹಿಸಿಡುವ ಕೆಲಸಕ್ಕೆ ಈಗಲೇ ಕೈಹಾಕಬೇಕು.