ಓಡದ ಕಾರಿಗೂ ವಯಸ್ಸಾಗುತ್ತದೆ: ಸೀಟ್ ಬೆಲ್ಟ್ ಮತ್ತು ಟೈರಿನ ಕಥೆ

ಅಮೆರಿಕ, ಕೆನಡ ಮತ್ತು ಉತ್ತರ ಯೂರೋಪಿನ ದೇಶಗಳಲ್ಲಿ ಒಂದು ಹವ್ಯಾಸವಿದೆ. ಬೇಸಿಗೆಯ ವಾರಾಂತ್ಯಗಳಲ್ಲಿ ಜನ ತಮ್ಮ ಸ್ವಂತ ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ದು ಮನದಣಿಯೆ ಓಡಿಸುತ್ತಾರೆ. ಇವರು ವೃತ್ತಿಪರರಲ್ಲ, ಬಹುಮಾನದ ಆಸೆಯೂ ಇಲ್ಲ. ನವೆಂಬರ್ ಬಂದು ಹಿಮ ಬೀಳತೊಡಗಿದರೆ ಕಾರಿಗೆ ಹೊದಿಕೆ ಹಾಕಿ, ಟ್ರ್ಯಾಕಿನ ಟೈರುಗಳನ್ನು ಬಿಚ್ಚಿ ಮೂಲೆಯಲ್ಲಿಡುತ್ತಾರೆ. ಏಪ್ರಿಲ್‌ನಲ್ಲಿ ಮತ್ತೆ ಹೊರತೆಗೆಯುತ್ತಾರೆ. ನಡುವಿನ ಐದು ತಿಂಗಳಲ್ಲಿ ಕಾರು ಒಂದು ಅಡಿಯೂ ಓಡಿಲ್ಲ. ಹಾಗಾದರೆ ಟೈರು, ಬೆಲ್ಟು ಇಟ್ಟ ಹಾಗೆಯೇ ಇರಬೇಕಲ್ಲವೆ?

ಇರುವುದಿಲ್ಲ. ಏಕೆಂದರೆ ಎರಡೂ ಪಾಲಿಮರ್‌ಗಳು, ಅಂದರೆ ಉದ್ದನೆಯ ಸರಪಳಿಯಂಥ ಅಣುಗಳಿಂದಾದ ವಸ್ತುಗಳು. ಅವುಗಳ ಸವೆತವನ್ನು ಕಿಲೋಮೀಟರಿನಿಂದ ಅಳೆದರೆ ಸಾಲದು, ಕ್ಯಾಲೆಂಡರಿನಿಂದಲೂ ಅಳೆಯಬೇಕು. ಈ ತಿಳಿವಳಿಕೆ ಸುಲಭವಾಗಿ ಬಂದುದಲ್ಲ. ಅದರ ಇತಿಹಾಸವನ್ನು ನೋಡೋಣ.

ವಿಮಾನದಿಂದ ಕಾರಿಗೆ

1910ರಲ್ಲಿ ಅಮೆರಿಕದ ಸೇನಾಧಿಕಾರಿ ಬೆಂಜಮಿನ್ ಫೂಲೋಯ್ ಟೆಕ್ಸಾಸಿನಲ್ಲಿ ರೈಟ್ ಸೋದರರ ವಿಮಾನ ಹಾರಿಸುವಾಗ ಆಸನದಿಂದ ಹೊರಕ್ಕೆ ಬೀಳುವುದರಲ್ಲಿದ್ದ. ಅನಂತರ ಆತ ಚರ್ಮದ ಪಟ್ಟಿಯೊಂದರಿಂದ ತನ್ನನ್ನು ಆಸನಕ್ಕೆ ಬಿಗಿದುಕೊಳ್ಳತೊಡಗಿದ. ಆ ಪಟ್ಟಿಯ ಕೆಲಸ ಮನುಷ್ಯ ಬೀಳದಂತೆ ಹಿಡಿದಿಡುವುದಷ್ಟೇ ಆಗಿತ್ತು. ಅಪಘಾತದಲ್ಲಿ ಬೆಲ್ಟು ಮಾಡಬೇಕಾದ ಕೆಲಸ ಬೇರೆಯೇ.

ಒಂದು ಲೆಕ್ಕ ಮಾಡೋಣ. ಗಂಟೆಗೆ 90 ಕಿ.ಮೀ., ಅಂದರೆ ಸೆಕೆಂಡಿಗೆ 25 ಮೀಟರ್ ವೇಗದ ಕಾರು ಗೋಡೆಗೆ ಬಡಿಯಿತೆನ್ನಿ. ಜಡತ್ವದಿಂದಾಗಿ ಚಾಲಕನ ದೇಹ ಅದೇ ವೇಗದಲ್ಲಿ ಮುನ್ನುಗ್ಗುತ್ತದೆ. ಎದೆ ಸ್ಟಿಯರಿಂಗ್‌ಗೆ ಬಡಿದು ಐದು ಸೆಂಟಿಮೀಟರ್ ಅಂತರದಲ್ಲಿ ನಿಂತರೆ, ಅದರ ಮೇಲಿನ ಸರಾಸರಿ ವೇಗೋತ್ಕರ್ಷ ಗುರುತ್ವದ ಸುಮಾರು 640 ಪಟ್ಟು. ಬದುಕುಳಿಯುವ ಮಾತಿಲ್ಲ. ಕಾರಿನ ಮುಂಭಾಗ ನಜ್ಜುಗುಜ್ಜಾಗಿ, ಬೆಲ್ಟು ತುಸು ಹಿಗ್ಗಿ, ದೇಹ ಒಟ್ಟು ಒಂದು ಮೀಟರ್ ಅಂತರದಲ್ಲಿ ನಿಂತರೆ ಅದು ಸುಮಾರು 32 ಪಟ್ಟಿಗೆ ಇಳಿಯುತ್ತದೆ. ಬೆಲ್ಟು ನಿಮ್ಮನ್ನು ತಡೆದರೆ ಸಾಲದು, ಸಾವಕಾಶವಾಗಿ ತಡೆಯಬೇಕು.

ಇಷ್ಟನ್ನು ಮನುಷ್ಯದೇಹ ತಾಳಬಲ್ಲದೆ? ಅಮೆರಿಕದ ವಾಯುಸೇನೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್ ಇದನ್ನು ತನ್ನ ಮೈಮೇಲೆಯೇ ಪರೀಕ್ಷಿಸಿದ. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದಲ್ಲಿ ರಾಕೆಟ್ ಬಂಡಿಯೊಂದರಲ್ಲಿ ಕುಳಿತು ಗಂಟೆಗೆ 1017 ಕಿ.ಮೀ. ವೇಗ ಮುಟ್ಟಿ, ಕೇವಲ 1.4 ಸೆಕೆಂಡಿನಲ್ಲಿ ನಿಂತ. ಒಂದು ಗಳಿಗೆಯಲ್ಲಿ ಗುರುತ್ವದ 46.2 ಪಟ್ಟನ್ನು ಅನುಭವಿಸಿದ. ಕಣ್ಣಿನ ರಕ್ತನಾಳಗಳು ಒಡೆದು ತಾತ್ಕಾಲಿಕವಾಗಿ ದೃಷ್ಟಿ ಹೋಯಿತು, ಆದರೆ ಬದುಕಿದ. ದೇಹದ ಗಟ್ಟಿ ಮೂಳೆಗಳ ಮೇಲೆ ಬಲ ಹರಡುವಂತೆ ಪಟ್ಟಿ ಬಿಗಿದಿದ್ದರೆ ಮನುಷ್ಯ ಬಹಳಷ್ಟನ್ನು ತಾಳಬಲ್ಲ ಎಂಬುದನ್ನು ಅವನ ಪ್ರಯೋಗಗಳು ತೋರಿಸಿಕೊಟ್ಟವು. 1959ರಲ್ಲಿ ಸ್ವೀಡನ್ನಿನ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟು, ಬಲವನ್ನು ಸೊಂಟಕ್ಕೂ ಎದೆಗೂ ಹಂಚಿತು. ಕಂಪನಿ ಆ ಪೇಟೆಂಟನ್ನು ಎಲ್ಲ ತಯಾರಕರಿಗೂ ಮುಕ್ತವಾಗಿಟ್ಟಿತು.

ಸಾವು ಕಲಿಸಿದ ಪಾಠಗಳು

ಅಮೆರಿಕದ ಹವ್ಯಾಸಿಗಳ ಸಂಘವಾದ ಸ್ಪೋರ್ಟ್ಸ್ ಕಾರ್ ಕ್ಲಬ್ 1954ರಲ್ಲೇ ತನ್ನ ಸ್ಪರ್ಧಿಗಳಿಗೆ ಸೊಂಟದ ಬೆಲ್ಟನ್ನು ಕಡ್ಡಾಯ ಮಾಡಿತು. ಆದರೆ ಆ ಕಾಲದ ಫಾರ್ಮುಲಾ ಒನ್ ಚಾಲಕರು ಬೆಲ್ಟನ್ನು ದೂರವೇ ಇಟ್ಟಿದ್ದರು. ಬೆಂಕಿ ಹೊತ್ತಿದ ಕಾರಿನಲ್ಲಿ ಸಿಕ್ಕಿಬೀಳುವುದಕ್ಕಿಂತ ಹೊರಕ್ಕೆ ಎಸೆಯಲ್ಪಡುವುದೇ ಮೇಲು ಎಂಬುದು ಅವರ ವಾದ. 1966ರಲ್ಲಿ ಬೆಲ್ಜಿಯಮ್ಮಿನ ಸ್ಪಾ ಟ್ರ್ಯಾಕಿನಲ್ಲಿ ಪೆಟ್ರೋಲಿನಲ್ಲಿ ತೊಯ್ದು ಕಾರಿನೊಳಗೆ ಸಿಕ್ಕಿಕೊಂಡಿದ್ದ ಜಾಕಿ ಸ್ಟೀವರ್ಟ್, ಅನಂತರ ಸುರಕ್ಷತೆಗಾಗಿ ಹೋರಾಟಕ್ಕಿಳಿದ. ಬೆಲ್ಟು ಅವನ ಬೇಡಿಕೆಗಳಲ್ಲೊಂದು.

1970ರ ಸೆಪ್ಟೆಂಬರಿನಲ್ಲಿ ಇಟಲಿಯ ಮೋಂಜಾದಲ್ಲಿ ಯೋಹೆನ್ ರಿಂಟ್ ಮಡಿದ. ಅವನು ಬೆಲ್ಟು ಧರಿಸಿದ್ದ. ಆದರೆ ಬೇಗನೆ ಹೊರಬರಲು ಅನುಕೂಲವೆಂದು ತೊಡೆಗಳ ನಡುವಿನ ಪಟ್ಟಿಗಳನ್ನು ಬಿಟ್ಟಿದ್ದ. ಡಿಕ್ಕಿಯಲ್ಲಿ ದೇಹ ಮುಂದಕ್ಕೆ ಜಾರಿತು, ಬೆಲ್ಟು ಕುತ್ತಿಗೆಗೆ ಬಂತು. ಆರು ಬಿಂದುಗಳ ಬೆಲ್ಟಿನಲ್ಲಿ ಪ್ರತಿಯೊಂದು ಪಟ್ಟಿಗೂ ಅದರದೇ ಕಾರಣವಿದೆ ಎಂಬುದಕ್ಕೆ ಇದು ಸಾಕ್ಷಿ.

ಮುಂಡವನ್ನು ಬಲವಾಗಿ ಬಿಗಿದ ಮೇಲೆ ಇನ್ನೊಂದು ಸಮಸ್ಯೆ ಎದುರಾಯಿತು. ಮುಂಡ ನಿಂತರೂ ತಲೆ ಮುನ್ನುಗ್ಗುತ್ತದೆ. ಹೆಲ್ಮೆಟ್ಟಿನ ಭಾರವೂ ಸೇರಿ ತಲೆಬುರುಡೆಯ ತಳ ಸೀಳಬಹುದು. 1981ರಲ್ಲಿ ಹೀಗೊಬ್ಬ ಗೆಳೆಯನನ್ನು ಕಳೆದುಕೊಂಡ ಚಾಲಕ ಜಿಮ್ ಡೌನಿಂಗ್, ತನ್ನ ಬಂಧು, ಮಿಷಿಗನ್ ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕ ರಾಬರ್ಟ್ ಹಬರ್ಡ್ ಜೊತೆ ಸೇರಿ ‘ಹ್ಯಾನ್ಸ್’ ಎಂಬ ಸಾಧನವನ್ನು ರೂಪಿಸಿದ. ಭುಜದ ಬೆಲ್ಟುಗಳ ಅಡಿ ಕೂರುವ ಒಂದು ಕಾಲರು, ಅದರಿಂದ ಹೆಲ್ಮೆಟ್ಟಿಗೆ ಎರಡು ದಾರ: ಇಷ್ಟೇ. ಬಹಳ ಮಂದಿ ಅದನ್ನು ಕಿರಿಕಿರಿಯೆಂದು ತಳ್ಳಿಹಾಕಿದರು. 2001ರ ಫೆಬ್ರವರಿ 18ರಂದು ಡೇಟೋನಾ ಟ್ರ್ಯಾಕಿನಲ್ಲಿ ಖ್ಯಾತ ಚಾಲಕ ಡೇಲ್ ಅರ್ನ್‌ಹಾರ್ಟ್ ಅದೇ ಬಗೆಯ ಗಾಯದಿಂದ ಸತ್ತ. ಅವನ ಸೊಂಟದ ಬೆಲ್ಟು ಹರಿದಿತ್ತು. ಪಟ್ಟಿ ಬಕಲ್ಲಿನ ಒಂದು ಬದಿಗೆ ಸರಿದು ಮುದುಡಿ, ಬಲವೆಲ್ಲ ಅಲ್ಲೇ ಬಿದ್ದು ಹರಿಯಿತೆಂದು ತನಿಖೆ ಹೇಳಿತು. ಅದೇ ವರ್ಷ ನ್ಯಾಸ್ಕಾರ್, 2003ರಲ್ಲಿ ಫಾರ್ಮುಲಾ ಒನ್ ತಲೆಯ ರಕ್ಷಣಾ ಸಾಧನವನ್ನು ಕಡ್ಡಾಯಗೊಳಿಸಿದವು.

ಬೆಲ್ಟು ಬದಲಿಸುವ ಹವ್ಯಾಸಿ ಇದನ್ನು ಮರೆಯಬಾರದು. ಮೂರು ಬಿಂದುಗಳ ಬೆಲ್ಟು ತೆಗೆದು ಬರಿಯ ನಾಲ್ಕು ಬಿಂದುಗಳದನ್ನು ಹಾಕಿದರೆ ಭುಜದ ಪಟ್ಟಿ ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲಕ್ಕೆ ಎಳೆಯಬಹುದು. ಭುಜದ ಪಟ್ಟಿಯನ್ನು ಹಿಂದಿನ ನೆಲಕ್ಕೆ ಕಡಿದಾಗಿ ಬಿಗಿದರೆ ಬೆನ್ನುಮೂಳೆ ಅದುಮಿಹೋಗುತ್ತದೆ. ಕಾರು ಮಗುಚಿದಾಗ ನೆಟ್ಟಗೆ ಬಿಗಿದ ದೇಹ ಬಗ್ಗಲಾರದು. ಮೇಲಿನ ಛಾವಣಿ ಕುಸಿಯದಂತೆ ಉಕ್ಕಿನ ಕಮಾನು ಬೇಕು. ಬೆಲ್ಟು, ಆಸನ, ಕಮಾನು, ತಲೆಯ ರಕ್ಷಣೆ ಎಲ್ಲ ಸೇರಿ ಒಂದೇ ವ್ಯವಸ್ಥೆ.

ಬೆಳಕು ಮತ್ತು ಓಜೋನ್

ಈಗ ಕ್ಯಾಲೆಂಡರಿನ ಮಾತಿಗೆ ಬರೋಣ. ಬೆಲ್ಟಿನ ನೈಲಾನ್ ಅಥವಾ ಪಾಲಿಯೆಸ್ಟರ್ ನೂಲಿನ ಮೇಲೆ ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಸರಪಳಿ ಅಣುಗಳು ಅಲ್ಲಲ್ಲಿ ತುಂಡಾಗುತ್ತವೆ. ಬಣ್ಣ ಮಾಸುವುದು ಕಣ್ಣಿಗೆ ಕಾಣುತ್ತದೆ, ಬಲ ಕುಂದುವುದು ಕಾಣುವುದಿಲ್ಲ. ಆದ್ದರಿಂದಲೇ ರೇಸಿನ ಬೆಲ್ಟುಗಳಿಗೆ ಅವಧಿ ಗೊತ್ತುಮಾಡಿದ್ದಾರೆ. ಅಮೆರಿಕದ ಎಸ್‌ಎಫ್‌ಐ 16.1 ಮಾನಕದ ಬೆಲ್ಟು ತಯಾರಾದ ದಿನದಿಂದ 2 ವರ್ಷ ಮಾತ್ರ ಸಲ್ಲುತ್ತದೆ. ಅಂತಾರಾಷ್ಟ್ರೀಯ ಒಕ್ಕೂಟ ಎಫ್‌ಐಎ ಒಪ್ಪಿದ ಬೆಲ್ಟಿನ ಮೇಲೆ ಅದರ ಕೊನೆಯ ವರ್ಷವೇ ಅಚ್ಚಾಗಿರುತ್ತದೆ. ಡಿಕ್ಕಿಯಲ್ಲಿ ಒಮ್ಮೆ ಹಿಗ್ಗಿದ ಬೆಲ್ಟನ್ನಂತೂ ಮತ್ತೆ ಬಳಸುವಂತಿಲ್ಲ. ಮತ್ತೆ ಹಿಗ್ಗುವ ಶಕ್ತಿ ಅದರಲ್ಲಿ ಅಷ್ಟು ಉಳಿದಿರುವುದಿಲ್ಲ.

ಟೈರಿನ ಶತ್ರು ಓಜೋನ್. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಅದನ್ನು ಗಟ್ಟಿ ಮಾಡುವ ಬಗೆ ಕಂಡುಕೊಂಡ. ಆದರೂ ಅಣುಗಳಲ್ಲಿ ದ್ವಿಬಂಧಗಳು ಉಳಿದೇ ಇರುತ್ತವೆ; ಓಜೋನ್ ಅಲ್ಲಿಗೇ ಬಾಯಿ ಹಾಕುತ್ತದೆ. 1950ರ ಸುಮಾರಿಗೆ ಲಾಸ್ ಏಂಜಲಿಸ್‌ನ ಹೊಗೆಮಂಜನ್ನು ಅಭ್ಯಸಿಸುತ್ತಿದ್ದ ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್, ಬಗ್ಗಿಸಿಟ್ಟ ರಬ್ಬರು ಪಟ್ಟಿಯಲ್ಲಿ ಬಿರುಕು ಬೀಳುವುದನ್ನೇ ಓಜೋನ್ ಅಳೆಯುವ ಸಾಧನ ಮಾಡಿಕೊಂಡ! ರಬ್ಬರನ್ನು ಬಗ್ಗಿಸಿಯೇ ಇಡಬೇಕಾಗಿತ್ತು ಎಂಬುದನ್ನು ಗಮನಿಸಿ. ಎಳೆತದಲ್ಲಿರುವ ರಬ್ಬರೇ ಸೀಳುವುದು. ಕಾರಿನ ಭಾರ ಹೊತ್ತು ತಿಂಗಳುಗಟ್ಟಲೆ ನಿಂತ ಟೈರಿನ ಪಕ್ಕೆಯೂ ಎಳೆತದಲ್ಲಿರುತ್ತದೆ.

ಚಳಿಯೂ ಸಾಮಾನ್ಯನಲ್ಲ. ಅತಿ ತಣ್ಣಗಾದ ರಬ್ಬರು ಗಾಜಿನಂತೆ ಬಿರುಸಾಗುತ್ತದೆ. 1986ರಲ್ಲಿ ಚಾಲೆಂಜರ್ ನೌಕೆಯ ದುರಂತದ ಬಳಿಕ ರಿಚರ್ಡ್ ಫೈನ್‌ಮನ್ ರಬ್ಬರಿನ ತುಣುಕನ್ನು ಮಂಜಿನ ನೀರಿನಲ್ಲಿ ಅದ್ದಿ, ಅದು ಬೇಗನೆ ಪುಟಿದೇಳದೆಂದು ತೋರಿಸಿದ್ದು ನಿಮಗೆ ನೆನಪಿರಬಹುದು. ಬೇಸಿಗೆಯ ಟ್ರ್ಯಾಕ್ ಟೈರನ್ನು ಕೊರೆಯುವ ಚಳಿಯಲ್ಲಿ ಬಗ್ಗಿಸಿದರೆ, ಉರುಳಿಸಿದರೆ ಬಿರಿಯಬಹುದು.

2013ರ ನವೆಂಬರಿನಲ್ಲಿ ನಟ ಪಾಲ್ ವಾಕರ್ ಕ್ಯಾಲಿಫೋರ್ನಿಯದಲ್ಲಿ ಕಾರು ಅಪಘಾತದಲ್ಲಿ ಮಡಿದ. ಅತಿವೇಗವೇ ಕಾರಣವೆಂದು ತನಿಖೆ ಹೇಳಿತು. ಟೈರುಗಳು ಒಂಬತ್ತು ವರ್ಷಕ್ಕೂ ಹಳೆಯವೆಂಬುದನ್ನೂ ಅದು ದಾಖಲಿಸಿತು.

ಏನು ಮಾಡಬೇಕು?

ಟೈರುಗಳನ್ನು ತೊಳೆದು ಒಣಗಿಸಿ, ಕಪ್ಪು ಚೀಲದಲ್ಲಿ ಕಟ್ಟಿ, ತಂಪಾದ ಆದರೆ ಹೆಪ್ಪುಗಟ್ಟದ, ಕತ್ತಲ ಜಾಗದಲ್ಲಿಡಿ. ವಿದ್ಯುತ್ ಮೋಟಾರು, ವೆಲ್ಡಿಂಗ್ ಯಂತ್ರಗಳಿಂದ ದೂರವಿಡಿ; ಅವುಗಳ ಕಿಡಿ ಓಜೋನನ್ನು ಉಂಟುಮಾಡುತ್ತದೆ. ಪಕ್ಕೆಯ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರದ ತಯಾರಿಕೆ. ಬೆಲ್ಟಿನ ಮೇಲೆ ಬಿಸಿಲು ಬೀಳದಂತೆ ಮುಚ್ಚಿ, ಅಂಚು ಹೊಲಿಗೆ ನೋಡಿ, ಚೀಟಿಯ ದಿನಾಂಕ ನೋಡಿ.

ಬೆಂಗಳೂರಿನ ಹವ್ಯಾಸಿಗಳೂ ಚೆನ್ನೈ, ಕೊಯಮತ್ತೂರಿನ ಟ್ರ್ಯಾಕುಗಳಿಗೆ ಹೋಗುತ್ತಾರೆ. ನಮಗೆ ಹಿಮದ ಕಾಟವಿಲ್ಲ, ಬಿಸಿಲಿನ ಕಾಟವಿದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆ ಎಂಬ ಮಾತುಂಟು. ಹಾಗಿರುವಾಗ ಬಯಲಲ್ಲಿ ನಿಲ್ಲಿಸಿದ ನಮ್ಮ ಕಾರುಗಳ ಬೆಲ್ಟಿಗೂ ಟೈರಿಗೂ ವಯಸ್ಸಾಗಲು ಚಳಿಗಾಲ ಬರಬೇಕಾಗಿಲ್ಲ. ಇಂದು ಮನೆಗೆ ಹೋದಾಗ ನಿಮ್ಮ ಟೈರಿನ ಆ ನಾಲ್ಕು ಅಂಕಿಗಳನ್ನು ಒಮ್ಮೆ ಓದಿ ನೋಡಿ.