ವಲಸಿಗರು ಬೆರೆತರೇ? ಅಳತೆಗೋಲಿನ ನೂರು ವರ್ಷ

ಹೊರಗಿನಿಂದ ಬಂದವರು ಹೊಸ ಸಮಾಜದಲ್ಲಿ ಎಷ್ಟು ಬೆರೆತಿದ್ದಾರೆ ಎಂದು ಲೆಕ್ಕ ಹಾಕುವ ದೊಡ್ಡ ಪ್ರಯತ್ನಗಳಲ್ಲಿ ಮೊದಲಿನದೊಂದು ಅಮೆರಿಕದ್ದು. 1907ರಲ್ಲಿ ನೇಮಕವಾದ ಡಿಲಿಂಗ್‌ಹ್ಯಾಮ್ ಆಯೋಗ 1911ರಲ್ಲಿ 41 ಸಂಪುಟಗಳ ವರದಿ ಕೊಟ್ಟಿತು. ದಕ್ಷಿಣ ಮತ್ತು ಪೂರ್ವ ಯುರೋಪಿನವರು ಹಿಂದಿನ ವಲಸಿಗರಷ್ಟು ಹೊಂದಿಕೊಳ್ಳಲಾರರು ಎಂಬುದು ಅದರ ತೀರ್ಮಾನ. ಅದೇ ಧೋರಣೆಯಲ್ಲಿ ಬಂದ 1924ರ ಕಾನೂನು ಅವರ ಪ್ರವೇಶವನ್ನು ತೀರಾ ಇಳಿಸಿತು. ತಪ್ಪು ಅಳತೆಗೆ ಬೆಲೆ ತೆತ್ತವರು ಅಳೆಸಿಕೊಂಡವರೇ.

1920ರ ದಶಕದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಎಮೊರಿ ಬೊಗಾರ್ಡಸ್ ಪ್ರಶ್ನೆಯನ್ನು ಸ್ಥಳೀಯರತ್ತ ತಿರುಗಿಸಿದರು. ಇಂಥ ದೇಶದವರು ನಿಮಗೆ ಬೀಗರಾಗಬಹುದೇ, ನೆರೆಮನೆಯವರಾಗಬಹುದೇ, ಅಥವಾ ದೇಶದೊಳಗೇ ಬೇಡವೇ? ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ. 1964ರಲ್ಲಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಮಿಲ್ಟನ್ ಗಾರ್ಡನ್ ಬೆರೆಯುವಿಕೆಯನ್ನು ಏಳು ಬಗೆಯಾಗಿ ಬಿಡಿಸಿದರು. ಭಾಷೆ, ಉಡುಪು ಕಲಿತ ಮಾತ್ರಕ್ಕೆ ಸ್ಥಳೀಯರ ಮನೆ, ಗೆಳೆತನ, ಮದುವೆಗಳಲ್ಲಿ ಜಾಗ ಸಿಗುವುದಿಲ್ಲ ಎಂಬುದನ್ನು ಅವರು ಸ್ಪಷ್ಟಪಡಿಸಿದರು.

ಆಮೇಲೆ ಅರ್ಥಶಾಸ್ತ್ರಜ್ಞರು ಬಂದರು. 1970ರ ಜನಗಣತಿಯನ್ನು ಆಧರಿಸಿ ಬ್ಯಾರಿ ಚಿಸ್ವಿಕ್ 1978ರಲ್ಲಿ, ಹತ್ತು ಹದಿನೈದು ವರ್ಷಗಳಲ್ಲಿ ವಲಸಿಗರ ಗಳಿಕೆ ಸ್ಥಳೀಯರದನ್ನು ಮೀರುತ್ತದೆ ಎಂದರು. 1985ರಲ್ಲಿ ಜಾರ್ಜ್ ಬೋರ್ಹಾಸ್ ಇದನ್ನು ಪ್ರಶ್ನಿಸಿದರು: ಒಂದೇ ಗಣತಿಯಲ್ಲಿ ಇಪ್ಪತ್ತು ವರ್ಷದ ಹಿಂದೆ ಬಂದವರೂ ನಿನ್ನೆ ಬಂದವರೂ ಇರುತ್ತಾರೆ. ಇಬ್ಬರ ಓದು, ಕಸುಬು ಬೇರೆಯಾಗಿದ್ದರೆ ಆ ವ್ಯತ್ಯಾಸವನ್ನು ಕಾಲದ ಪ್ರಗತಿ ಎನ್ನುವುದು ಹೇಗೆ? ಸೋತು ತಾಯ್ನಾಡಿಗೆ ಮರಳಿದವರಂತೂ ಗಣತಿಯಲ್ಲೇ ಇರುವುದಿಲ್ಲ. ಈ ತೊಡಕನ್ನು ಮೀರಲು ರನ್ ಅಬ್ರಮಿಟ್ಸ್‌ಕಿ, ಲಿಯಾ ಬೌಸ್ಟನ್ ಮತ್ತು ಕ್ಯಾಥರೀನ್ ಎರಿಕ್ಸನ್ 1900ರಿಂದ 1920ರವರೆಗಿನ ಗಣತಿಗಳಲ್ಲಿ ಅದೇ ವ್ಯಕ್ತಿಗಳ ಜಾಡು ಹಿಡಿದರು. ಸರಾಸರಿ ವಲಸಿಗ ಕಸುಬಿನಲ್ಲಿ ಆರಂಭದಲ್ಲೇ ತೀರಾ ಹಿಂದಿರಲಿಲ್ಲ, ಸ್ಥಳೀಯರ ವೇಗದಲ್ಲೇ ಮೇಲೇರಿದ್ದ ಎಂದು 2014ರಲ್ಲಿ ತೋರಿಸಿದರು. ಮುಂದೆ ಮಕ್ಕಳಿಗಿಟ್ಟ ಹೆಸರುಗಳೂ ಅಳತೆಯಾದವು: ದೇಶದಲ್ಲಿ ಹೆಚ್ಚು ಕಾಲ ಇದ್ದಂತೆ ಪೋಷಕರು ಅಮೆರಿಕನ್ ಹೆಸರುಗಳತ್ತ ವಾಲುತ್ತಿದ್ದರು.

ಯುರೋಪಿಯನ್ ಒಕ್ಕೂಟದ ದೇಶಗಳು 2010ರಲ್ಲಿ ಸ್ಪೇನಿನ ಸರಗೋಸಾದಲ್ಲಿ ಉದ್ಯೋಗ, ಶಿಕ್ಷಣ, ಸಾಮಾಜಿಕ ಸೇರ್ಪಡೆ, ಸಕ್ರಿಯ ಪೌರತ್ವ ಎಂಬ ನಾಲ್ಕು ಕ್ಷೇತ್ರಗಳ ಸೂಚಕಗಳನ್ನು ಒಪ್ಪಿಕೊಂಡವು. ವಲಸಿಗರ ಕುರಿತ ನೀತಿಗಳನ್ನು ಹೋಲಿಸುವ ಮಿಪೆಕ್ಸ್ ಸೂಚ್ಯಂಕ ಅಳೆಯುವುದು ಜನರನ್ನಲ್ಲ, ದೇಶಗಳ ಕಾನೂನುಗಳನ್ನು. ಇನ್ನು ಉದ್ಯೋಗದ ಸೂಚಕದಲ್ಲಿ, ಕೆಲಸ ಸಿಕ್ಕಿತೇ ಎಂದಷ್ಟೇ ಎಣಿಸಿದರೆ ವೈದ್ಯಕೀಯ ಪದವಿ ಪಡೆದೂ ಟ್ಯಾಕ್ಸಿ ಓಡಿಸುವವಳು ಗೆದ್ದವರ ಸಾಲಿಗೆ ಸೇರುತ್ತಾಳೆ. ಹಾಗಾಗಿ ಬಹುತೇಕ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ವರದಿಗಳು ಓದಿಗೆ ತಕ್ಕ ಕೆಲಸವಿದೆಯೇ ಎಂದೂ ನೋಡುತ್ತವೆ.

2018ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರಿದ್ದ ತಂಡವೊಂದು ಹನ್ನೆರಡು ಪ್ರಶ್ನೆಗಳ ಕಿರು ಸೂಚ್ಯಂಕ ಪ್ರಕಟಿಸಿತು. ಮನಸ್ಸಿನ ನಂಟು, ಭಾಷೆ, ಆರ್ಥಿಕತೆ, ರಾಜಕೀಯ, ಸಾಮಾಜಿಕ ಸಂಬಂಧಗಳ ಜೊತೆಗೆ, ವೈದ್ಯರನ್ನು ಹುಡುಕಿಕೊಳ್ಳುವಂಥ ದಿನನಿತ್ಯದ ಜಾಣ್ಮೆಯೂ ಅದರಲ್ಲಿದೆ. ಸ್ಥಳೀಯರೊಂದಿಗೆ ಎಷ್ಟು ಸಲ ಊಟ ಮಾಡಿದಿರಿ ಎಂಬುದು ಅಲ್ಲಿನ ಒಂದು ಪ್ರಶ್ನೆ. ಊಟಕ್ಕೆ ಕರೆಯಬೇಕಾದವರು ಸ್ಥಳೀಯರಲ್ಲವೇ? ಕಡಿಮೆ ಅಂಕವನ್ನು ವಲಸಿಗರ ಹೆಸರಿಗಷ್ಟೇ ಬರೆಯುವುದು ಅನ್ಯಾಯ. ಬೊಗಾರ್ಡಸ್ ಬಗೆಯ ಪ್ರಶ್ನೆಗಳನ್ನು ಅದೇ ಊರಿನಲ್ಲಿ, ಅದೇ ವರ್ಷ, ಅಕ್ಕಪಕ್ಕದ ಮನೆಯವರಿಗೂ ಕೇಳಬೇಕು.